ಬೋರಲು ಹಾಕಿದ ಕ್ಯಾನು

ಇದನ್ನು ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಹಾಲಿನ ಡೇರಿಯ ಕಂಪ್ಯೂಟರಿನಲ್ಲಿ ಆದ ಒಂದು ತಪ್ಪನ್ನು ಕಥೆಯೆಂದು ಕೂತು ಓದಿ ಎನ್ನಲು ನನಗೆ ಸಂಕೋಚವಿದೆ. ಹಗಲು ದುಡಿದು ಸಂಜೆ ತರಗತಿಯಲ್ಲಿ ಕಲಿತವಳು ನಾನು. ಕಲಿತದ್ದರಲ್ಲಿ ಎಷ್ಟು ಗಟ್ಟಿ, ಎಷ್ಟು ಅರೆಬರೆ ಎಂಬ ಅನುಮಾನ ಇವತ್ತಿಗೂ ಹೋಗಿಲ್ಲ. 'ನಾನು' ಎಂದು ಬರೆಯುತ್ತ ಹೋದರೆ ಪ್ರತಿ ಸಾಲೂ ಸಮರ್ಥನೆಯ ಕಡೆಗೆ ವಾಲುತ್ತದೆ. ಎರಡು ಸಲ ಬರೆದು ಹರಿದು ಹಾಕಿದ ಮೇಲೆ ಅದು ತಿಳಿಯಿತು. ಅದಕ್ಕೇ 'ಅವಳು' ಎಂದು ಬರೆದಿದ್ದೇನೆ. ಅವಳ ಹೆಸರು ಪ್ರಮೀಳಾ.

ಬೆಳಗಿನ ಹಾಲು ಅಳೆದು ಮುಗಿದು, ಟ್ಯಾಂಕರು ಕೆ.ಆರ್. ಪೇಟೆ ಕಡೆಗೆ ಹೊರಟುಹೋದ ಮೇಲೂ ಪ್ರಮೀಳಾ ಕುರ್ಚಿಯಿಂದ ಏಳಲಿಲ್ಲ. ಕಂಪ್ಯೂಟರಿನ ಎಡಕ್ಕೆ ಕಿಟಕಿ; ಕಿಟಕಿಯಾಚೆ ಡೇರಿಯ ಜಗಲಿ; ಜಗಲಿಯ ಮೇಲೆ ಒಂದು ಅಲ್ಯುಮಿನಿಯಂ ಕ್ಯಾನು ಬೋರಲಾಗಿ ಕೂತಿತ್ತು. ಅದನ್ನು ನೋಡಬಾರದೆಂದು ನಾಲ್ಕು ದಿನದ ಹಿಂದೆ ಕುರ್ಚಿಯನ್ನು ಬಲಕ್ಕೆ ಎಳೆದುಕೊಂಡಿದ್ದಳು. ಕ್ಯಾನು ಕಾಣುವುದು ತಪ್ಪಲಿಲ್ಲ, ಕೀಬೋರ್ಡು ಮಾತ್ರ ಕೈಗೆ ಓರೆಯಾಯಿತು. ಬೂಕನಕೆರೆಯ ಆಚೆಗಿನ ಆ ಊರಿನಲ್ಲಿ ಡೇರಿ ಶುರುವಾದ ಕಾಲದಿಂದ ಒಂದು ಪದ್ಧತಿಯಿದೆ. ಒಬ್ಬರ ಹಾಲಿನ ಫ್ಯಾಟು, ಎಂದರೆ ಕೊಬ್ಬಿನಂಶ, ಮೂರು ದಿನ ಒಂದೇ ಸಮನೆ ಮೂರಕ್ಕಿಂತ ಕೆಳಗೆ ಬಂದರೆ ನೀರು ಬೆರೆಸಿದ್ದಾರೆಂದೇ ತೀರ್ಮಾನ. ಬೈಗುಳವಿಲ್ಲ, ದಂಡವಿಲ್ಲ. ಅವರ ಕ್ಯಾನನ್ನು ತೊಳೆದು ಜಗಲಿಯ ಮೇಲೆ ಬೋರಲು ಹಾಕುತ್ತಾರೆ, ಅಷ್ಟೆ. ಎಲ್ಲರ ಕ್ಯಾನಿನ ತಳದಲ್ಲೂ ಕೆಂಪು ಬಣ್ಣದಲ್ಲಿ ಹೆಸರು ಬರೆದಿರುವುದರಿಂದ ಬೋರಲು ಹಾಕಿದ ಕೂಡಲೆ ಹೆಸರು ಮೇಲಕ್ಕೆ ಬರುತ್ತದೆ. ಸಂಘದ ಸಭೆ ಸೇರುವವರೆಗೆ ಅದು ಅಲ್ಲೇ ಇರಬೇಕು. ಸಭೆಯಲ್ಲಿ ಸದಸ್ಯರ ಪಟ್ಟಿಯಿಂದ ಹೆಸರು ತೆಗೆದ ಮೇಲೆ ಅವರೇ ಬಂದು, ಎಲ್ಲರೆದುರು ಎತ್ತಿಕೊಂಡು ಹೋಗಬೇಕು. ಪ್ರಮೀಳಾ ಆರೇಳು ವರ್ಷದವಳಿದ್ದಾಗ ಅಂಥದೊಂದು ಕ್ಯಾನಿನ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ಅವ್ವ ಬಂದು ಬೆನ್ನಿಗೊಂದು ಬಿಟ್ಟಳು. "ಏಳೇ. ಅಲ್ಲಿ ಒಬ್ರ ಮಾನ ಮಡಗವ್ರೆ" ಎಂದಳು. ಅವತ್ತು ಮಾನ ಎಂದರೆ ಕ್ಯಾನಿನೊಳಗೆ ಹಿಡಿಸುವ ಏನೋ ಒಂದು ವಸ್ತುವೆಂದು ಪ್ರಮೀಳಾ ತಿಳಿದಿದ್ದಳು.

ಈ ಸಲ ತಳದಲ್ಲಿದ್ದ ಹೆಸರು ಚಿಕ್ಕಬೋರಮ್ಮ. ಸಭೆ ಇವತ್ತೇ, ಸಂಜೆ ಐದಕ್ಕೆ. ನಾಲೆಯಾಚೆಯ ನಾಲ್ಕು ಮನೆಗಳ ಪೈಕಿ ಕೊನೆಯದು ಚಿಕ್ಕಬೋರಮ್ಮನದು. ಒಂದು ಹಸು, ಒಂದು ಕ್ಯಾನು, ಕ್ಯಾನಿಗೆ ಸುತ್ತಿದ ಒದ್ದೆ ಗೋಣಿ. ಹಾಲು ಹುಳಿಯಾಗದಿರಲೆಂದು ಅವಳ ಅತ್ತೆ ಸುತ್ತುತ್ತಿದ್ದಳಂತೆ. ಮಾಗಿಯ ಚಳಿಯಲ್ಲೂ ಅವಳು ಅದನ್ನು ಬಿಟ್ಟಿರಲಿಲ್ಲ. ಏರಿಯ ಮೇಲೆ ಮುಕ್ಕಾಲು ಗಂಟೆ ನಡೆದು, ಮಂಜಿನಲ್ಲಿ ಸೆರಗು ಒದ್ದೆಯಾಗಿ, ಸಾಲಿನ ಕೊನೆಗೆ ಬಂದು ನಿಲ್ಲುವಳು. ಅವಳ ಕ್ಯಾನನ್ನು ಬೋರಲು ಹಾಕಿದ ದಿನ ಅವಳು ಏನೂ ಅನ್ನಲಿಲ್ಲ. ಒದ್ದೆ ಗೋಣಿಯನ್ನು ಹಿಂಡಿ, ಮಡಿಸಿ, ಕಂಕುಳಲ್ಲಿಟ್ಟುಕೊಂಡು ಬಂದ ದಾರಿಯಲ್ಲೇ ಹೋದಳು. ಆ ಗೋಣಿ ಹಿಂಡಿದ ರೀತಿ ಪ್ರಮೀಳಾಳ ಕಣ್ಣಿನಿಂದ ಹೋಗುತ್ತಿಲ್ಲ. ಆಗ ಅವಳಿಗೆ ಮರುಕ ಮಾತ್ರ ಇತ್ತು. ನಿನ್ನೆ ಬೆಳಿಗ್ಗೆಯಿಂದ ಮರುಕದ ಜಾಗದಲ್ಲಿ ಬೇರೆ ಏನೋ ಬಂದು ಕೂತಿದೆ.

ನಿನ್ನೆ ಆದದ್ದು ಇಷ್ಟು. ಹಾಲಿನ ಸ್ಯಾಂಪಲನ್ನು ಫ್ಯಾಟು ಅಳೆಯುವ ಯಂತ್ರದ ಕೊಳವೆಗೆ ಹಿಡಿಯುವ ಕೆಲಸ ಅಶೋಕನದು. ಅವನು ಒಂದು ಸ್ಯಾಂಪಲ್ ಬಾಟಲಿಯನ್ನು ಕಿಟಕಿಯ ಮೇಲಿಟ್ಟು ಟೀ ಕುಡಿಯಲು ಹೋದ. ಅರ್ಧ ಗಂಟೆ ಬಿಟ್ಟು ಬಂದವನು, ಅಳೆದದ್ದು ಮರೆತು, ಅದನ್ನೇ ಮತ್ತೆ ಯಂತ್ರಕ್ಕೆ ಹಿಡಿದ. ಮೊದಲು ಮೂರು ಪಾಯಿಂಟ್ ಎಂಟು ಬಂದಿದ್ದ ಹಾಲು ಈಗ ಎರಡು ಪಾಯಿಂಟ್ ಒಂಬತ್ತು. ಅಶೋಕ ಚೀಟಿಯನ್ನು ಅವಳ ಮುಂದೆ ಆಡಿಸಿ, "ಅಕ್ಕ, ನಿನ್ ಕಂಪೂಟ್ರುಗೂ ಚಳಿ ಆಯ್ತದೆ ಕಣಕ್ಕ. ಅದುಕ್ಕೊಂದು ಸ್ವೆಟ್ರು ಹಾಕು" ಎಂದು ನಕ್ಕ. ಪ್ರಮೀಳಾ ಕೂಡ ನಕ್ಕಳು. ನಗುತ್ತಲೇ ಚೀಟಿಯನ್ನು ಅವನ ಕೈಯಿಂದ ತೆಗೆದುಕೊಂಡಳು. ಹನ್ನೊಂದು ದಿನದ ಹಿಂದಿನ ಇನ್ನೊಂದು ಬೆಳಿಗ್ಗೆ, ಅವತ್ತು ತಾನು ಕಂಪ್ಯೂಟರಿಗೆ ಮಾಡಿದ ಕೆಲಸ, ಪೂರ್ತಿಯಾಗಿ ನೆನಪಿಗೆ ಬಂತು. ಮರೆತಿರಲಿಲ್ಲ, ನೆನೆಯದೆ ಇದ್ದಳು.

ಹೊಸ ಕಂಪ್ಯೂಟರು ಬಂದದ್ದು ಆಗ. ಹಳೆಯದರಲ್ಲಿ ಆರು ವರ್ಷ ಓಡಿದ್ದು ಅವಳೇ ಬರೆದ ಪ್ರೋಗ್ರಾಮು. ಯಂತ್ರ ಅಳೆದ ಫ್ಯಾಟನ್ನು ತಂತಿಯ ಮೂಲಕ ಓದಿ, ಸದಸ್ಯರ ಹೆಸರಿನ ಪಕ್ಕದಲ್ಲಿ ಕೂಡಿಸಿ, ಚೀಟಿ ಮುದ್ರಿಸುವ ಸಣ್ಣ ಪ್ರೋಗ್ರಾಮು. ಪಾಂಡವಪುರದಲ್ಲಿ ಸಂಜೆ ಆರರಿಂದ ಎಂಟರವರೆಗಿನ ತರಗತಿಯ ಕೊನೆಗೆ ಏನಾದರೊಂದು ಮಾಡಿ ತೋರಿಸಬೇಕಿತ್ತು, ಅದಕ್ಕೆಂದು ಬರೆದದ್ದು. ಸೆಕ್ರೆಟರಿ ದೇವಯ್ಯ ಅದನ್ನು ನೋಡಿ, ನಮ್ಮೂರ ಹೆಣ್ಣುಮಗಳು ಮಾಡಿದ್ದು ಇರುವಾಗ ಪಟ್ಟಣದವರದು ಯಾಕೆ ಎಂದು ಅವಳನ್ನು ಆಪರೇಟರ್ ಕುರ್ಚಿಯಲ್ಲಿ ಕೂರಿಸಿದ್ದರು. ಹೊಸ ಕಂಪ್ಯೂಟರಿಗೆ ಅದೇ ಪ್ರೋಗ್ರಾಮನ್ನು ಮತ್ತೆ ಬಿಲ್ಡ್ ಮಾಡಬೇಕಿತ್ತು, ಎಂದರೆ ಬರೆದದ್ದನ್ನು ಆ ಕಂಪ್ಯೂಟರು ಓಡಿಸಬಲ್ಲ ರೂಪಕ್ಕೆ ತರಬೇಕಿತ್ತು. ಬೆಳಗಿನ ಆರು ಗಂಟೆ, ಹೊರಗೆ ನಲವತ್ತು ಕ್ಯಾನು, ಮಂಜಿನಲ್ಲಿ ಕೆಮ್ಮುತ್ತಿರುವ ಜನ. ಅವಳು ಬಿಲ್ಡ್ ಒತ್ತಿದಳು. ಪರದೆ ತುಂಬ ಕೆಂಪು ಸಾಲುಗಳು. ಆರು ವರ್ಷ ಒಂದೂ ತಪ್ಪಿಲ್ಲದೆ ಓಡಿದ್ದಕ್ಕೆ ಒಂದೇ ಸಲ ಮೂವತ್ತೇಳು ತಪ್ಪು. ಹಿಂದಿನಿಂದ ಯಾರೋ, "ಹಳೇದೇ ವಾಸಿಯಾಗಿತ್ತು, ಇವ್ಳು ಕಲ್ತಿರದು ಅಷ್ಟೇಯ" ಎಂದರು. ಯಾರೆಂದು ತಿರುಗಿ ನೋಡುವ ಧೈರ್ಯವಾಗಲಿಲ್ಲ. ಧ್ವನಿಯ ಗುರುತು ಹಿಡಿಯಲು ಇವತ್ತಿಗೂ ಪ್ರಯತ್ನಿಸುತ್ತಾಳೆ.

ಹೆಡರ್ ಫೈಲು ಎಂಬುದೊಂದಿದೆ. ಲೈಬ್ರರಿ, ಎಂದರೆ ಬೇರೆಯವರು ಬರೆದಿಟ್ಟ, ಪ್ರೋಗ್ರಾಮು ಎರವಲು ಪಡೆಯುವ ತುಂಡುಗಳ ಸಂಗ್ರಹ; ಅದರೊಳಗೆ ಏನೇನಿದೆ, ಯಾವ ಖಾನೆಯಲ್ಲಿ ಏನು ಸಿಗುತ್ತದೆ ಎಂದು ಪ್ರೋಗ್ರಾಮಿಗೆ ತಿಳಿಸುವ ಪಟ್ಟಿ ಅದು. ಡಬ್ಬಿಗಳಿಗೆ ಅಂಟಿಸಿದ ಚೀಟಿಗಳೆನ್ನಬಹುದು. ಹೊಸ ಕಂಪ್ಯೂಟರಿನಲ್ಲಿ ಲೈಬ್ರರಿಯೂ ಹೊಸದು, ಚೀಟಿಗಳೂ ಹೊಸವು. ಅವಳ ಪ್ರೋಗ್ರಾಮು ಹಳೆಯ ಚೀಟಿಗಳನ್ನು ಹುಡುಕಿ, ಇಲ್ಲ, ಇಲ್ಲ, ಇದು ಬೇರೆ ಎಂದು ಕೂಗುತ್ತಿತ್ತು. ಕೂಗಿನ ಕಾರಣವನ್ನು ಅವಳು ಓದಬೇಕಿತ್ತು. ಓದಲಿಲ್ಲ. ಹಳೆಯ ಕಂಪ್ಯೂಟರಿನ ಹೆಡರ್ ಫೈಲುಗಳನ್ನೆಲ್ಲ ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಬಂದು ಹೊಸದರಲ್ಲಿ ಒಂದು ಕಡೆ ಸುರಿದು, ಮೊದಲು ಇಲ್ಲಿ ನೋಡು ಎಂದು ಆಜ್ಞೆ ಕೊಟ್ಟಳು. ಮೂವತ್ತೇಳು ತಪ್ಪೂ ಒಂದೇ ಸಲಕ್ಕೆ ಮಾಯವಾದವು. ಆ ಮೌನ ಎಷ್ಟು ಹಿತವಾಗಿತ್ತೆಂದರೆ ಅವಳಿಗೆ ಕಣ್ಣು ತುಂಬಿ ಬಂತು. ಡಬ್ಬಿಗಳು ಹೊಸವು, ಅಂಟಿಸಿದ್ದು ಹಳೆಯ ಚೀಟಿ. ಉಪ್ಪಿನ ಡಬ್ಬಿಗೆ ಸಕ್ಕರೆಯ ಚೀಟಿ ಅಂಟಿಸಿದರೆ ಚೀಟಿ ಓದುವವನಿಗೆ ತಕರಾರಿರುವುದಿಲ್ಲ.

ಒಂಬತ್ತೂವರೆಗೆ ದೇವಯ್ಯ ಒಳಗೆ ಬಂದರು. ಮಫ್ಲರು ಬಿಚ್ಚದೆ, ಕೈಯಲ್ಲಿದ್ದ ಹಾಳೆಯನ್ನು ಅವಳ ಮೇಜಿನ ಮೇಲಿಟ್ಟರು. ಸಭೆಯ ತೀರ್ಮಾನ ಸಭೆಗೆ ಮುಂಚೆಯೇ ಟೈಪಾಗಿತ್ತು. ಅದಕ್ಕೆ ಚಿಕ್ಕಬೋರಮ್ಮನ ಮೂರು ದಿನದ ಚೀಟಿಗಳನ್ನು ಮತ್ತೆ ಮುದ್ರಿಸಿ ಲಗತ್ತಿಸಬೇಕು, ಯಂತ್ರದ ಅಳತೆ ಸರಿಯಾಗಿದೆ ಎಂದು ಕೆಳಗೆ ಆಪರೇಟರ್ ಸಹಿ ಹಾಕಬೇಕು. ಅವಳು ಹಾಳೆಯನ್ನು ಮುಟ್ಟದೆ, ಕಂಪ್ಯೂಟರಿನಲ್ಲಿ ಒಂದು ಕೆಲಸವಿದೆ, ಸಂಜೆ ಹಾಲಿನ ಹೊತ್ತಿಗೆ ಕೊಡುತ್ತೇನೆ ಎಂದಳು. ದೇವಯ್ಯ ಒಂದು ಕ್ಷಣ ಅವಳ ಮುಖ ನೋಡಿದರು. ಏನು ಕೆಲಸ ಎಂದು ಕೇಳಲಿಲ್ಲ. ಅವರಿಗೆ ಅವಳ ಮೇಲೆ ನಂಬಿಕೆ. ಅದೇ ಅವಳಿಗೆ ಕಷ್ಟವಾದದ್ದು. ಬಾಗಿಲಲ್ಲಿ ನಿಂತು, "ಸುಮ್ಕೆ ತಲೆ ಕೆಡಿಸ್ಕಬೇಡ ಕಣಮ್ಮ. ಮಿಸಿನು ಯೋಳಿರೋದು, ನೀನಲ್ಲ" ಎಂದು ಹೋದರು. ಬೇರೆ ದಿನವಾಗಿದ್ದರೆ ಆ ಮಾತು ಅವಳಿಗೆ ಹೊದಿಕೆಯಂತಿರುತ್ತಿತ್ತು.

ಅವಳು ಹಳೆಯ ಹೆಡರ್‌ಗಳು ತುಂಬಿದ್ದ ಜಾಗದ ಹೆಸರನ್ನು ಬಿಲ್ಡ್ ಆಜ್ಞೆಯಿಂದ ಅಳಿಸಿದಳು. ಒತ್ತುವ ಮುಂಚೆ ಬಾಗಿಲು ಹಾಕಿ ಬಂದಳು, ಒಳಗೆ ಯಾರೂ ಇರಲಿಲ್ಲ, ಆದರೂ. ಒತ್ತಿದಳು. ಮೂವತ್ತೇಳು ತಪ್ಪುಗಳು ಹಿಂತಿರುಗಿ ಬಂದವು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ, ಹನ್ನೊಂದು ದಿನ ಹೊರಗೆ ನಿಲ್ಲಿಸಿದ್ದವರು ಒಳಗೆ ಬಂದಂತೆ. ಪಾಂಡವಪುರದ ತರಗತಿಯ ಶ್ರೀಕಂಠಯ್ಯ ಮೇಷ್ಟ್ರು ಮೇಲುಕೋಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಸಂಸ್ಕೃತ ಓದಿದವರು, ಕಂಪ್ಯೂಟರು ಕಲಿತದ್ದು ನಲವತ್ತರ ಮೇಲೆ, ಅದರ ಬಗ್ಗೆ ಅವರಿಗೆ ನಾಚಿಕೆಯಿರಲಿಲ್ಲ. ಅವಳಂಥ ಹದಿನಾಲ್ಕು ಜನ, ಎಲ್ಲರೂ ಎಲ್ಲೋ ಕೆಲಸ ಮುಗಿಸಿ ಬಂದವರು, ಬೆವರು, ಹಸಿವು. ಒಬ್ಬಳ ಪರದೆಯಲ್ಲಿ ಕೆಂಪು ತುಂಬಿ ಅವಳು ಅಳುವಂತಾದಾಗ ಮೇಷ್ಟ್ರು ಬಂದು ಹಿಂದೆ ನಿಂತು ಹೇಳಿದ್ದರು. "ಎಲ್ಲಾನೂ ಓದಬೇಡಮ್ಮ, ಮೊದಲನೇದನ್ನ ಮಾತ್ರ ಓದು. ಉಳಿದವು ಅದರ ಮಕ್ಕಳು. ಅದು ನಿನ್ನ ಬಯ್ತಾ ಇಲ್ಲ, ಸಾಕ್ಷಿ ಹೇಳ್ತಾ ಇದೆ." ಅಳುವಂತಾಗಿದ್ದವಳು ಪ್ರಮೀಳಾಳೇ ಇರಬೇಕು, ಅವಳ ನೆನಪಿನಲ್ಲಿ ಮಾತ್ರ ಅದು ಯಾವಾಗಲೂ ಪಕ್ಕದವಳು.

ಮೊದಲನೆಯದನ್ನು ಓದಿದಳು. ಯಂತ್ರ ಕಳಿಸುವ ಒಂದು ಸಾಲನ್ನು ಓದಿಕೊಳ್ಳಲು ಅವಳು ಒಂದು ತುಂಡು ಬರೆದು ಅದಕ್ಕೆ ಗೆಟ್‌ಲೈನ್ ಎಂದು ಹೆಸರಿಟ್ಟಿದ್ದಳು. ಹೊಸ ಕಂಪ್ಯೂಟರಿನ ಹೆಡರ್ ಅದೇ ಹೆಸರನ್ನು ತನ್ನ ಇನ್ನೊಂದು ಕೆಲಸಕ್ಕೆ ಇಟ್ಟುಕೊಂಡಿತ್ತು. ಒಂದೇ ಹೆಸರಿಗೆ ಇಬ್ಬರು, ಸ್ವಭಾವ ಬೇರೆ ಬೇರೆ, ಒಪ್ಪುವುದಿಲ್ಲ ಎನ್ನುತ್ತಿತ್ತು. ಹಳೆಯ ಕಂಪ್ಯೂಟರಿನಲ್ಲಿ ಅವಳದೊಂದೇ ಇತ್ತು. ತಾನು ಇಟ್ಟ ಹೆಸರನ್ನು ತಾನೇ ಬಿಟ್ಟುಕೊಡಬೇಕೆಂದು ಒಂದು ನಿಮಿಷ ಮೈ ಉರಿಯಿತು, ಇಷ್ಟು ಸಣ್ಣದಕ್ಕೆ. ಡೇರಿಲೈನ್ ಎಂದು ಬದಲಿಸಿದಳು. ಮತ್ತೆ ಬಿಲ್ಡ್. ಮೂವತ್ತೇಳರಲ್ಲಿ ಎರಡು ಉಳಿದವು. ಮೇಷ್ಟ್ರು ಹೇಳಿದ್ದು ಸರಿ, ಅವು ಮಕ್ಕಳೇ.

ಉಳಿದ ಎರಡೂ ಒಂದೇ ಮಾತು ಹೇಳುತ್ತಿದ್ದವು: ಫ್ಯಾಟ್ ಎಂಬ ಖಾನೆ ಇಲ್ಲ. ಹಾಲಿನ ಯಂತ್ರ ಮಾರಿದವರು ಹೊಸ ಕಂಪ್ಯೂಟರಿಗೆಂದು ಕೊಟ್ಟಿದ್ದ ಹೊಸ ಲೈಬ್ರರಿಯ ಹೆಡರನ್ನು ತೆರೆದಳು. ಹಳೆಯದರಲ್ಲಿ ಫ್ಯಾಟ್ ಇದ್ದ ಜಾಗದಲ್ಲಿ ಈಗ 'ಕಚ್ಚಾ ಫ್ಯಾಟ್' ಎಂದಿತ್ತು. ಪಕ್ಕದಲ್ಲಿ, ಹಾಲಿನ ಬಿಸಿ ತಣ್ಣಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಮುಂಚಿನದು, ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ಪಟ್ಟಿಯ ಕೊನೆಯಲ್ಲಿ ಹೊಸದಾಗಿ ಸೇರಿಸಿದ ಇನ್ನೊಂದು ಖಾನೆ, 'ಕೊನೆಯ ಫ್ಯಾಟ್', ತಣ್ಣಗಿದ್ದರೆ ತಿದ್ದಿ ಕೊಟ್ಟದ್ದು. ಹಳೆಯ ಚೀಟಿ ಹಿಡಿದ ಅವಳ ಪ್ರೋಗ್ರಾಮು ಹನ್ನೊಂದು ದಿನವೂ ಕಚ್ಚಾ ಖಾನೆಯನ್ನು ತೆರೆದು ಅದನ್ನೇ ಫ್ಯಾಟೆಂದು ಮುದ್ರಿಸಿತ್ತು. ಕರೆದ ಹಾಲನ್ನು ಹಾಗೇ ಬಿಸಿಬಿಸಿಯಾಗಿ ತಂದ ಊರೊಳಗಿನವರಿಗೆ ಎರಡೂ ಒಂದೇ, ಯಾರಿಗೂ ಏನೂ ಗೊತ್ತಾಗಲಿಲ್ಲ. ತಣ್ಣಗೆ ತಂದವರಿಗೆ ಇಳಿಯಿತು. ದೂರದಿಂದ ಬಂದವಳಿಗೆ, ಹಾಲು ಕೆಡಬಾರದೆಂದು ಒದ್ದೆ ಗೋಣಿ ಸುತ್ತಿ ತಂದವಳಿಗೆ ಎಲ್ಲರಿಗಿಂತ ಹೆಚ್ಚು ಇಳಿಯಿತು. ಪ್ರಮೀಳಾ ಎದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದುಕೊಂಡಳು. ಕೈಗೆ ಏನೂ ಆಗಿರಲಿಲ್ಲ. ಕಂಪ್ಯೂಟರು ಅವತ್ತೇ, ಆರು ಗಂಟೆಗೇ, ಸಾಲಿನ ಸಂಖ್ಯೆ ಸಮೇತ ಹೇಳಿತ್ತಲ್ಲ, ಆ ಖಾನೆ ಈಗಿಲ್ಲ ಕಣೇ ಎಂದು.

ಆದರೂ ಖಾತ್ರಿ ಬೇಕು. ಯಂತ್ರ ಮಾರಿದವರ ಇಂಜಿನಿಯರು ರಘುನಂದನ್ ನಾಗಮಂಗಲದಲ್ಲಿದ್ದ. ಅವನಿಗೆ ಫೋನು ಮಾಡಿದಳು. ಬಸ್ ಸ್ಟ್ಯಾಂಡಿನ ಗದ್ದಲದ ನಡುವೆ ಅವನು ಕೇಳಿಸಿಕೊಂಡ. ಹಳೆ ಹೆಡರ್ ಕಾಪಿ ಮಾಡಿದ್ದು ಕೇಳಿ, ಎಲ್ಲಿ ಓದಿದ್ದು ಮೇಡಂ ಎಂದ. ಸಂಜೆ ಕ್ಲಾಸು ಎಂದಳು. ಅವನು ನಕ್ಕದ್ದು ದೊಡ್ಡದಾಗಿ ಅಲ್ಲ, ಮೂಗಿನಲ್ಲಿ. ಪಕ್ಕದಲ್ಲಿದ್ದ ಯಾರಿಗೋ, ಹೆಡರ್ ಹೊತ್ಕೊಂಡು ಬಂದವ್ರಂತೆ ಕಣೋ, ಎಂದದ್ದೂ ಕೇಳಿಸಿತು. ಬೇರೆ ದಿನವಾಗಿದ್ದರೆ ಅಲ್ಲಿಗೆ ಥ್ಯಾಂಕ್ಸ್ ಸಾರ್ ಎಂದು ಇಟ್ಟುಬಿಡುತ್ತಿದ್ದಳು. ಜೀವನವಿಡೀ ಎಷ್ಟೋ ಪ್ರಶ್ನೆಗಳನ್ನು ಹಾಗೆ ಅರ್ಧದಲ್ಲಿ ಥ್ಯಾಂಕ್ಸ್ ಎಂದು ಮುಗಿಸಿದ್ದಾಳೆ. ಇವತ್ತು ನಗು ಮುಗಿಯುವವರೆಗೆ ಕಾದಳು. ಮುಗಿದ ಮೇಲೆ ಅದೇ ಧ್ವನಿಯಲ್ಲಿ ಎರಡನೆಯ ಪ್ರಶ್ನೆ ಕೇಳಿದಳು: ತಣ್ಣನೆಯ ಹಾಲಿಗೆ ಕಚ್ಚಾ ಖಾನೆ ಎಷ್ಟು ಕಡಿಮೆ ತೋರಿಸಬಹುದು? ಅವನು ಒಂದರ ತನಕ ಎಂದ, ಅದಕ್ಕಿಂತ ಹೆಚ್ಚಿಲ್ಲ. ಆಮೇಲೆ ಧ್ವನಿ ತಗ್ಗಿಸಿ, ಅಷ್ಟು ಕೆಟ್ಟವನಲ್ಲ ಎಂದು ಅನಿಸುವಂತೆ ಹೇಳಿದ: "ಯಾರಿಗೂ ಹೇಳೋಕೆ ಹೋಗ್ಬೇಡಿ ಮೇಡಂ. ಅಪ್‌ಡೇಟ್ ಮಾಡ್ದೆ ಅನ್ನಿ, ಮುಗೀತು. ಎಲ್ಲಾ ಕಡೆ ಹಂಗೇ ನಡಿಯೋದು."

ಖಾನೆಯ ಹೆಸರು ಬದಲಿಸಿ ಮತ್ತೆ ಬಿಲ್ಡ್ ಮಾಡಿದಳು. ಪರದೆ ಸುಮ್ಮನಾಯಿತು. ಈ ಮೌನ ಹಿತವಾಗಿರಲಿಲ್ಲ. ಕೆಲಸವಿನ್ನೂ ಬಾಕಿಯಿದೆ ಎನ್ನುವಂತಿತ್ತು. ಮೂರು ಗಂಟೆಗೆ ಅಶೋಕನನ್ನು ಕರೆದು, ಆಗತಾನೆ ಮನೆಗೆ ಹೋಗಿ ತನ್ನ ಹಸುವಿನಿಂದ ಹೊತ್ತಿಗೆ ಮುಂಚೆಯೇ ಹಿಂಡಿ ತಂದಿದ್ದ ಹಾಲನ್ನು ಕೊಟ್ಟಳು. ಬಿಸಿಯಿದ್ದಾಗ ಹಳೆಯ ಬಿಲ್ಡಿನಲ್ಲೂ ಹೊಸದರಲ್ಲೂ ಮೂರು ಪಾಯಿಂಟ್ ಎಂಟು. ಒದ್ದೆ ಗೋಣಿ ಸುತ್ತಿ, ಹೊರಗಿನ ಗಾಳಿಗಿಟ್ಟು, ಮುಕ್ಕಾಲು ಗಂಟೆ ಕಾದು ಮತ್ತೆ ಹಿಡಿದರು. ಹಳೆಯದರಲ್ಲಿ ಎರಡು ಪಾಯಿಂಟ್ ಒಂಬತ್ತು, ಹೊಸದರಲ್ಲಿ ಮೂರು ಪಾಯಿಂಟ್ ಎಂಟು. ಮೂರು ಸಲ ಹಿಡಿದರು, ಮೂರು ಸಲವೂ ಹಾಗೇ. ಅಶೋಕ ಈ ಸಲ ನಗಲಿಲ್ಲ. ಕ್ಯಾನು ಬೋರಲು ಹಾಕಿದ್ದು ಅವನ ಕೈ. ಬಾಟಲಿ ತೊಳೆಯುತ್ತ, "ಅಂಗಾರೆ ಬೋರಮ್ಮಜ್ಜಿ ಹಾಲು..." ಎಂದು ನಿಲ್ಲಿಸಿದ.

ಚಿಕ್ಕಬೋರಮ್ಮನ ಮೂರು ಚೀಟಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಪ್ರಮೀಳಾಗೆ ತನ್ನ ಮೇಲೆ ಸಿಟ್ಟು ಬಂತು, ಯಾಕೆ ಇಡೀ ದಿನ ಇವನ್ನು ನೋಡಲಿಲ್ಲವೆಂದು. ಮೊದಲ ದಿನ ಎರಡು ಪಾಯಿಂಟ್ ಎಂಟು. ಎರಡನೆಯ ದಿನ ಎರಡು ಪಾಯಿಂಟ್ ಒಂಬತ್ತು. ಮೂರನೆಯ ದಿನ ಒಂದು ಪಾಯಿಂಟ್ ಏಳು. ಚಳಿ ಒಂದರ ತನಕ ಮಾತ್ರ ಇಳಿಸುತ್ತದೆ. ಒಂದು ಕೂಡಿಸಿದರೂ ಮೂರನೆಯ ದಿನದ್ದು ಮೂರಕ್ಕೆ ಬರುವುದಿಲ್ಲ. ಅವಳು ಕೂಡಿಸಿದಳು, ಬೆರಳಿನಲ್ಲಿ ಕೂಡಿಸಿದಳು, ಸಣ್ಣ ತರಗತಿಯ ಹುಡುಗಿಯಂತೆ. ಬರುವುದಿಲ್ಲ. ಆ ದಿನದ ಸ್ಯಾಂಪಲ್ ಚೆಲ್ಲಿಯಾಗಿದೆ, ಹಾಲು ಟ್ಯಾಂಕರಿನಲ್ಲಿ ನೂರು ಜನರ ಹಾಲಿನೊಡನೆ ಸೇರಿ ಹೋಗಿದೆ. ಇಡೀ ದಿನ ಕಟ್ಟಿಕೊಂಡು ಬಂದದ್ದು ಈ ಒಂದು ಚೀಟಿಯಲ್ಲಿ ಸೋರಿಹೋಗುತ್ತಿದೆ ಎನಿಸಿತು. ಚೀಟಿಯನ್ನು ಮಡಿಸಿ ಕುಪ್ಪಸದೊಳಗೆ ಸೇರಿಸಲು ಕೈ ಹೋಯಿತು. ಹೋದದ್ದು ನಿಜ. ಅರ್ಧ ಮಡಿಸಿ, ಮತ್ತೆ ಬಿಡಿಸಿ, ಮಡಿಕೆ ಕಾಣದಿರಲೆಂದು ಅಂಗೈಯಲ್ಲಿ ಉಜ್ಜಿ, ಮೂರನ್ನೂ ಪಿನ್ನು ಹಾಕಿದಳು.

ನಾಲ್ಕೂವರೆಗೆ ದೇವಯ್ಯನವರಿಗೆ ಎಲ್ಲವನ್ನೂ ಹೇಳಿದಳು, ಎರಡೂ ಬಿಲ್ಡಿನ ಚೀಟಿಗಳನ್ನು ಎದುರಿಗಿಟ್ಟು. ಅವರು ಕೂಗಾಡಲಿಲ್ಲ. ಕೂತರು, ಮಫ್ಲರು ಬಿಚ್ಚಿದರು, ಇವಳು ಹೇಳಿದ್ದೆಲ್ಲ ಅವರಿಗೆ ಅರ್ಥವಾಗಿತ್ತು. ಹನ್ನೊಂದು ದಿನದ ಚೀಟಿ ಸುಳ್ಳು ಎಂದು ಬಾಯಿಬಿಟ್ಟರೆ ಊರಿನವರೆಲ್ಲ ಚೀಟಿ ಹಿಡಿದು ಬಾಗಿಲಿಗೆ ಬರುತ್ತಾರೆ, ಮೇಲಿನಿಂದ ತನಿಖೆಗೆ ಬರುತ್ತಾರೆ, ಮೊದಲು ಹೋಗುವುದು ಅವಳ ಕುರ್ಚಿ ಎಂದು ಸಮಾಧಾನದಿಂದಲೇ ವಿವರಿಸಿದರು. ಅದರಲ್ಲಿ ಬೆದರಿಕೆ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರು. ಆಮೇಲೆ ಮೂರನೆಯ ಚೀಟಿಯ ಮೇಲೆ ಬೆರಳಿಟ್ಟರು.

"ಇದುಕ್ಕೇನ್ ಯೋಳ್ತೀಯ?"

"ಗೊತ್ತಿಲ್ಲ ಸಾರ್."

"ನೀರ್ ಬೆರ್ಸವಳೆ ಅಂತ ತಾನೆ ಅರ್ಥ?"

"ಗೊತ್ತಿಲ್ಲ ಅಂತ ಅರ್ಥ."

ಅವಳು ಹಾಗೆ ಅಂದದ್ದು ಅವಳಿಗೇ ಆಶ್ಚರ್ಯವಾಯಿತು. ಗೊತ್ತಿಲ್ಲ ಎಂಬ ಮಾತನ್ನು ಅವಳು ಹುಟ್ಟಿದಾಗಿನಿಂದ ತಲೆ ತಗ್ಗಿಸಿಯೇ ಹೇಳಿದ್ದಳು, ಶಾಲೆಯಲ್ಲಿ, ಗಂಡನ ಮನೆಯಲ್ಲಿ, ಸಂಜೆ ತರಗತಿಯಲ್ಲಿ. ಅದನ್ನು ತಲೆಯೆತ್ತಿಯೂ ಹೇಳಬಹುದೆಂದು ತಿಳಿದಿರಲಿಲ್ಲ. ದೇವಯ್ಯ ಸಹಿ ಹಾಕಬೇಕಾದ ಹಾಳೆಯನ್ನು ಅವಳ ಕಡೆಗೆ ಸರಿಸಿದರು. ಸಹಿ ಹಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ, ಮುದುಕಿಯನ್ನು ಎರಡು ತಿಂಗಳು ಬಿಟ್ಟು ಮತ್ತೆ ಸೇರಿಸಿಕೊಂಡರಾಯಿತು ಎಂದರು. ಕೆಟ್ಟ ಮಾತಲ್ಲ, ಅವರ ಮಟ್ಟಿಗೆ ಅದು ದಯೆ. ಯಂತ್ರದ ಅಳತೆ ಸರಿಯಾಗಿದೆ ಎಂಬ ಸಾಲನ್ನು ಅವಳು ಮೂರು ಸಲ ಓದಿದಳು. ಇಲ್ಲಿಯೂ ಹಳೆಯ ಚೀಟಿ, ಹೊಸ ಡಬ್ಬಿ. ಇನ್ನೊಮ್ಮೆ ಅಂಟಿಸಿದರೆ ಮತ್ತೆ ಎಲ್ಲ ಸುಮ್ಮನಾಗುತ್ತದೆ. ಹಾಳೆಯನ್ನು ಅವರ ಕಡೆಗೇ ತಿರುಗಿಸಿಟ್ಟು ಎದ್ದಳು.

ಐದಕ್ಕೆ ಸಂಜೆ ಹಾಲಿನ ಸಾಲು ಜಗಲಿಯ ತನಕ ಬೆಳೆದಿತ್ತು. ಸಭೆಗೆ ಬಂದವರು ಗೋಡೆಗೊರಗಿ ನಿಂತಿದ್ದರು. ಚಿಕ್ಕಬೋರಮ್ಮ ಬಂದಿದ್ದಳು, ಕ್ಯಾನು ಎತ್ತಿಕೊಂಡು ಹೋಗಲು, ಕಂಕುಳಲ್ಲಿ ಗೋಣಿ. ಪ್ರಮೀಳಾ ಜಗಲಿಗೆ ಬಂದು ನಿಂತಳು. ಕ್ಷಮಿಸಿ ಎಂದು ಶುರುಮಾಡಿದಳು, ಮುಂದಿನ ಮಾತು ಮರೆತುಹೋಯಿತು, ಮತ್ತೆ ಕ್ಷಮಿಸಿ ಎಂದಳು, ಯಾರೋ ಕಿಸಕ್ಕೆಂದರು. ಆಮೇಲೆ ಹೇಳಿದಳು. ಹೆಡರ್ ಎಂಬ ಶಬ್ದ ಬಳಸಲಿಲ್ಲ. ಇಲ್ಲಿ ತಪ್ಪು ಇದೆ ಎಂದು ಕಂಪ್ಯೂಟರು ಹೇಳುತ್ತಿತ್ತು, ನೀವೆಲ್ಲ ಕಾಯುತ್ತಿದ್ದಿರಿ, ನಾನು ಹೆದರಿ ಅದರ ಬಾಯಿ ಮುಚ್ಚಿಸಿದೆ. ಹನ್ನೊಂದು ದಿನ ತಣ್ಣಗೆ ಬಂದ ಹಾಲಿಗೆಲ್ಲ ಕಡಿಮೆ ಬಂದಿದೆ, ನಾಲೆಯಾಚೆಯವರಿಗೆ ಬಹಳ. ಯಾರೂ ಹೇಳದೆಯೇ ಅಶೋಕ ಬಿಸಿಯದೊಂದು, ತಣ್ಣನೆಯದೊಂದು ಎಂದು ಎರಡು ಬಾಟಲಿ ತಂದು, ಹಳೆಯ ಬಿಲ್ಡಿನಲ್ಲಿ ಯಂತ್ರಕ್ಕೆ ಹಿಡಿದು ತೋರಿಸಿದ. ಗುಸುಗುಸು ಎದ್ದಿತು. ದೇವಯ್ಯ ಬಾಗಿಲಲ್ಲಿ ನಿಂತು, ಮೂರನೇ ದಿನದ್ದನ್ನೂ ಹೇಳಮ್ಮ, ಎಂದರು. ಹೇಳಿದಳು. ಒಂದು ಪಾಯಿಂಟ್ ಏಳು, ಚಳಿಯಿಂದ ಅಷ್ಟು ಇಳಿಯುವುದಿಲ್ಲ, ಯಾಕೆ ಇಳಿಯಿತೋ ಗೊತ್ತಿಲ್ಲ. ಗೋಡೆಯ ಕಡೆಯಿಂದ ಒಬ್ಬರು, ಅಲ್ಲಿಗೆ ಬೆರೆಸಿದ್ದಾಳೆಂದಾಯಿತಲ್ಲ ಎಂದರು. ಪ್ರಮೀಳಾ ಅವರ ಕಡೆಗೆ ತಿರುಗಿದಳು. ಅವತ್ತು ಹಿಂದಿನಿಂದ ಬಂದ ಧ್ವನಿ ಇದೇ ಇರಬಹುದು, ಅಲ್ಲದೆಯೂ ಇರಬಹುದು.

"ಅವತ್ತು ಅಳ್ದಿದ್ದು ಯಾವುದ್ರಲ್ಲಿ? ನಾನು ಕೆಡಿಸಿ ಮಡಗಿದ್ದ ಪ್ರೋಗ್ರಾಮಲ್ಲಿ. ಮೂರು ದಿನ ಅಂತ ನಿಮ್ಮ ಪದ್ಧತಿ. ಎರಡು ದಿನದ್ದು ನನ್ನ ತಪ್ಪು ಅಂತ ತೋರ್ಸಿವ್ನಿ. ಒಂದು ದಿನದ ಮೇಲೆ ಯಾರ ಕ್ಯಾನೂ ಬೋರಲು ಬೀಳಕಿಲ್ಲ ಈ ಊರಲ್ಲಿ. ಬೀಳಬೇಕು ಅಂದ್ರೆ ನನ್ನದು ಬೀಳ್ಲಿ, ನಾನು ಹನ್ನೊಂದು ದಿನ ತಪ್ಪು ಅಳ್ದಿವ್ನಿ."

ಹಾಗೆಂದು ಚಿಕ್ಕಬೋರಮ್ಮನ ಕ್ಯಾನನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು. ಒಳಗೆ ಹೋಗಿ ತನ್ನ ಕ್ಯಾನಿನಲ್ಲಿ ಉಳಿದಿದ್ದ ಹಾಲನ್ನು ಬಕೆಟ್ಟಿಗೆ ಸುರಿದು, ತೊಳೆದು, ತಂದು, ಅದೇ ಜಾಗದಲ್ಲಿ ಬೋರಲು ಹಾಕಿದಳು. ಕಲ್ಲಿಗೆ ತಗುಲಿ ಠಣ್ ಎಂದಿತು. ತಳದಲ್ಲಿ ಅವಳ ಹೆಸರು, ಬಣ್ಣ ಹೊಸದು. ದೇವಯ್ಯ ತೆಗಿಯಮ್ಮ ಎಂದರು, ಎರಡು ಸಲ. ಅವಳು ತೆಗೆಯಲಿಲ್ಲ.

ಚಿಕ್ಕಬೋರಮ್ಮ ತನ್ನ ಕ್ಯಾನಿನ ಒಳಗೆ ಇಣುಕಿ ನೋಡಿದಳು, ನಾಲ್ಕು ದಿನದಲ್ಲಿ ಏನಾದರೂ ಹೊಕ್ಕಿದೆಯೋ ಎಂಬಂತೆ. ದೊಡ್ಡವ್ವ, ತಪ್ಪಾಯ್ತು ಎಂದು ಪ್ರಮೀಳಾ ಅಂದಾಗ ಅವಳು ತಲೆಯೆತ್ತಿದಳು.

"ಮಿಸಿನ್ ಬಾಯಿ ನೀನ್ ಮುಚ್ಚುಸ್ದೆ. ಮಿಸಿನ್ನು ನನ್ ಬಾಯಿ ಮುಚ್ಚುಸ್ತು" ಎಂದಳು. "ಈಗ ನೀನೇ ಬಾಯಿ ತಗದ್ಬುಟ್ಟೆ ಬುಡವ್ವ. ಆದ್ರೆ ಏನ್ ಮಾತಾಡದು ಅಂತ ನಂಗೆ ಮರ್ತೋಗದೆ."

ಕ್ಯಾನಿಗೆ ಗೋಣಿ ಸುತ್ತಿಕೊಂಡು ಏರಿಯ ಕಡೆಗೆ ಹೊರಟಳು. ಹೆಸರು ತೆಗೆಯುವ ವಿಷಯ ಅವತ್ತು ಸಭೆಯಲ್ಲಿ ಯಾರೂ ಎತ್ತಲಿಲ್ಲ. ಮುಂದಿನ ಸಭೆಗೆ ಎಂದು ದೇವಯ್ಯ ಬರೆದುಕೊಂಡರು. ಸಾಲು ಮುಂದಕ್ಕೆ ಸರಿಯಿತು. ಹಾಲು ತಂದವರು ಪ್ರಮೀಳಾಳ ಕ್ಯಾನನ್ನು ಬಳಸಿಕೊಂಡು ಒಳಗೆ ಬಂದರು, ಅವಳು ಕುರ್ಚಿಯನ್ನು ಕಿಟಕಿಯ ಕಡೆಗೆ ನೆಟ್ಟಗೆ ತಿರುಗಿಸಿಕೊಂಡು ಎಲ್ಲರ ಚೀಟಿ ಮುದ್ರಿಸಿದಳು.

ಇಲ್ಲಿಗೆ 'ಅವಳು' ಎನ್ನುವುದನ್ನು ಬಿಡುತ್ತೇನೆ. ನನ್ನ ಕ್ಯಾನು ಇನ್ನೂ ಜಗಲಿಯ ಮೇಲಿದೆ. ಕುರ್ಚಿ ಎಷ್ಟು ದಿನವೋ ಗೊತ್ತಿಲ್ಲ, ಸಭೆ ಬರಲಿ. ಚಿಕ್ಕಬೋರಮ್ಮ ಮಾರನೆಯ ದಿನ ಹಾಲು ತರಲಿಲ್ಲ. ಅದರ ಮಾರನೆಯ ದಿನ ತಂದಳು, ತಣ್ಣಗೆ, ಮೂರು ಪಾಯಿಂಟ್ ಏಳು. ಚೀಟಿಯನ್ನು ಓದದೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ಮೂರನೆಯ ದಿನದ ಹಾಲಿನಲ್ಲಿ ನೀರಿತ್ತೋ, ನನ್ನ ಪ್ರೋಗ್ರಾಮಿನಲ್ಲಿ ನಾನಿನ್ನೂ ಕಾಣದ ತಪ್ಪಿದೆಯೋ, ಅವಳನ್ನು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನನಗೆ ಗೊತ್ತಿಲ್ಲ.